ಕೆಂಪು ಟೋಪಿ ಅಜ್ಜನ ಮೂರನೇ ವರ್ಷ

ನಮ್ಮ ಹಿತ್ತಿಲಿಗೂ ಪಕ್ಕದ ಮನೆಯ ಹಿತ್ತಿಲಿಗೂ ನಡುವೆ ಎದೆಯೆತ್ತರದ ಮರದ ಬೇಲಿ. ಅದರ ಮೇಲೆ ಮೊಣಕೈ ಊರಿದರೆ ಸಾಕು, ಅಜ್ಜ ಮಾತಿಗೆ ಸಿದ್ಧ. ನನ್ನ ಮಕ್ಕಳು ಸಣ್ಣವರಿದ್ದಾಗ ಅವರನ್ನು ಕನ್ನಡದಲ್ಲೇ ಅಜ್ಜ ಅಂದರು, ಅದೇ ಉಳಿಯಿತು; ಈಗ ಅವರೂ ಫೋನಿನಲ್ಲಿ "ಅಜ್ಜ ಮಾತಾಡ್ತಿದ್ದೀನಿ" ಅಂತಲೇ ಶುರುಮಾಡುತ್ತಾರೆ. ಅಮೆರಿಕದ ಈ ನೆಬ್ರಾಸ್ಕ ರಾಜ್ಯದ ಮೆಕ್ಕೆಜೋಳದ ಹೊಲದಲ್ಲಿ ಹುಟ್ಟಿ ಬೆಳೆದ ಮನುಷ್ಯ. ವಯಸ್ಸು ಎಪ್ಪತ್ತೈದು. ಬೇಸಿಗೆಯಿರಲಿ, ಹಿಮ ಬೀಳುತ್ತಿರಲಿ, ತಲೆಯ ಮೇಲೆ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಕೆಂಪು ಟೋಪಿ ಇರಲೇಬೇಕು.

2022ರ ನವೆಂಬರ್ 26, ಶನಿವಾರ. ನಾನು ಉದುರಿದ ಎಲೆ ಗುಡಿಸುತ್ತಿದ್ದೆ. ಅಜ್ಜ ಚಪ್ಪಲಿಯಲ್ಲೇ ಓಡಿಬಂದರು. "ಕೋಚ್ ಸಿಕ್ಕಿದ! ಮ್ಯಾಟ್ ರೂಲ್! ಎಂಟು ವರ್ಷದ ಒಪ್ಪಂದ!" ಸಂಬಳ ಒಟ್ಟು 7 ಕೋಟಿ 40 ಲಕ್ಷ ಡಾಲರ್ ಅಂತ ಆಮೇಲೆ ಗೊತ್ತಾಯಿತು. ಅಜ್ಜನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ ಲೆಕ್ಕ. ಬೆರಳು ಮಡಚಿ ಹೇಳಿದರು: "ಫಿಲಡೆಲ್ಫಿಯದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ ಎರಡೇ ಗೆಲುವು. ಎರಡನೇ ವರ್ಷ ಆರು. ಮೂರನೇ ವರ್ಷ ಹತ್ತು. ಟೆಕ್ಸಾಸಿನ ಬೇಲರ್‌ನಲ್ಲಿ ಮೊದಲ ವರ್ಷ ಒಂದು, ಆಮೇಲೆ ಏಳು, ಮೂರನೇ ವರ್ಷ ಹನ್ನೊಂದು. ನೋಡುತ್ತಿರಿ, ಇಲ್ಲೂ ಮೂರನೇ ವರ್ಷ." ಆ ಎರಡು ವಿಶ್ವವಿದ್ಯಾಲಯಗಳ ನಂತರ ರೂಲ್ ಕ್ಯಾರೊಲಿನ ಪ್ಯಾಂಥರ್ಸ್ ಎಂಬ ವೃತ್ತಿಪರ ತಂಡಕ್ಕೆ ಹೋಗಿ 11 ಗೆದ್ದು 27 ಸೋತು ಕೆಲಸ ಕಳೆದುಕೊಂಡದ್ದನ್ನು ಅಜ್ಜ ಆ ದಿನ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರ ಕೈಯಿಂದ ಸೂಜಿ ಕಿತ್ತುಕೊಳ್ಳಬಾರದು.

ಕಾಲೇಜು ಹುಡುಗರ ಆಟಕ್ಕೆ ಇಷ್ಟೊಂದೇ ಅಂತ ಊರಿನಿಂದ ಬಂದವರು ಕೇಳುತ್ತಾರೆ. ಸುಮಾರು 20 ಲಕ್ಷ ಜನರಿರುವ ಈ ರಾಜ್ಯದಲ್ಲಿ ದೊಡ್ಡ ಲೀಗಿನ ವೃತ್ತಿಪರ ತಂಡ ಒಂದೂ ಇಲ್ಲ. ಫುಟ್‌ಬಾಲಿಗಿಲ್ಲ, ಬೇಸ್‌ಬಾಲಿಗಿಲ್ಲ, ಬ್ಯಾಸ್ಕೆಟ್‌ಬಾಲಿಗೂ ಇಲ್ಲ. ಇರುವುದು ಲಿಂಕನ್ನಿನ ವಿಶ್ವವಿದ್ಯಾಲಯದ ಈ ಹಸ್ಕರ್ಸ್ ತಂಡ ಮಾತ್ರ. ಪಂದ್ಯದ ಶನಿವಾರ 1923ರಲ್ಲಿ ಕಟ್ಟಿದ ಮೆಮೋರಿಯಲ್ ಸ್ಟೇಡಿಯಂ ತುಂಬಿದರೆ, ಜನಸಂಖ್ಯೆಯಲ್ಲಿ ಒಮಾಹ ಮತ್ತು ಲಿಂಕನ್ ಬಿಟ್ಟರೆ ರಾಜ್ಯದ ಮೂರನೇ ದೊಡ್ಡ ಊರು ಅದೇ. 1962ರ ನವೆಂಬರಿನಿಂದ ಇಂದಿನವರೆಗೆ ಅಲ್ಲಿ ಟಿಕೆಟ್ ಪೂರ್ತಿ ಮಾರಾಟವಾಗದ ಪಂದ್ಯವೇ ಇಲ್ಲ. ಆ ಎಣಿಕೆ 400 ದಾಟಿದೆ. ಅಜ್ಜನ ಎರಡು ಸೀಟುಗಳು ಅವರಪ್ಪನಿಂದ ಬಂದವು. ಹೊಲವನ್ನು ಅಣ್ಣನಿಗೆ ಬಿಟ್ಟುಕೊಟ್ಟು ಸೀಟು ತಾನಿಟ್ಟುಕೊಂಡೆ ಅನ್ನುತ್ತಾರೆ. ಹೇಳುವಾಗ ಮುಖದಲ್ಲಿ ನಗುವಿರುವುದಿಲ್ಲ.

ಇಂಥ ಊರಿಗೆ ಬರುವ ಕೋಚ್‌ಗೆ ಎದುರಾಳಿ ತಂಡಕ್ಕಿಂತ ಮೊದಲು ಎದುರಾಗುವುದು ನೆನಪು. ಬಾಬ್ ಡೆವೇನಿ 1970, 71ರಲ್ಲಿ ರಾಷ್ಟ್ರ ಪ್ರಶಸ್ತಿ ತಂದರು. ಅವರ ಸಹಾಯಕನಾಗಿದ್ದ ಟಾಮ್ ಆಸ್ಬೋರ್ನ್ 1973ರಿಂದ ಇಪ್ಪತ್ತೈದು ವರ್ಷ ನಡೆಸಿ 255 ಗೆದ್ದರು, 49 ಸೋತರು, ಮೂರು ಸಮ. 1994, 95, 97ರಲ್ಲಿ ಪ್ರಶಸ್ತಿ. ಆ ಮೂರನ್ನು ಕಣ್ಣಾರೆ ಕಂಡವರು ಇನ್ನೂ ಸ್ಟೇಡಿಯಮ್ಮಿನಲ್ಲಿ ಕೂತಿದ್ದಾರೆ, ಮೊಮ್ಮಕ್ಕಳಿಗೆ ಕಥೆ ಹೇಳುತ್ತಿದ್ದಾರೆ.

ನಾನು ಈ ಊರಿಗೆ ಬಂದದ್ದು 2001ರಲ್ಲಿ. ಆಸ್ಬೋರ್ನ್ ನಂತರದ ಫ್ರ್ಯಾಂಕ್ ಸೋಲಿಚ್ ಆಗ ಕೋಚ್. ಆರು ವರ್ಷದಲ್ಲಿ 58 ಗೆದ್ದು 19 ಸೋತ ಮನುಷ್ಯನನ್ನು 2003ರ ನವೆಂಬರಿನಲ್ಲಿ, ಆ ವರ್ಷ ಒಂಬತ್ತು ಪಂದ್ಯ ಗೆದ್ದಿದ್ದಾಗಲೇ, ಕೊಲೊರಾಡೊವನ್ನು ಸೋಲಿಸಿದ ಮರುದಿನ ತೆಗೆದರು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದು ಅಂದರೆ ಏನು ಅಂತ ನಾನು ಆ ಚಳಿಗಾಲದಲ್ಲಿ ನೋಡಿದೆ. ಮುಂದಿನ ವರ್ಷವೇ, ಸತತ 35 ವರ್ಷ ತಪ್ಪದೆ ಆಡಿದ್ದ ಬೌಲ್ ಪಂದ್ಯ ತಪ್ಪಿತು. ಬೌಲ್ ಅಂದರೆ ಋತುವಿನ ಹನ್ನೆರಡು ಪಂದ್ಯಗಳಲ್ಲಿ ಕಡೇಪಕ್ಷ ಆರು ಗೆದ್ದ ತಂಡಗಳಿಗೆ ವರ್ಷದ ಕೊನೆಗೆ ಸಿಗುವ ಒಂದು ಹೆಚ್ಚಿನ ಪಂದ್ಯ. ಆಮೇಲೆ ಬಂದ ಬೋ ಪೆಲಿನಿ ಏಳು ವರ್ಷವೂ ಒಂಬತ್ತಕ್ಕೆ ಕಡಿಮೆ ಗೆಲ್ಲಲಿಲ್ಲ. ಅವರನ್ನೂ ತೆಗೆದರು. ಒಂಬತ್ತು ಸಾಲದು ಅನ್ನುತ್ತಿದ್ದ ಊರು ಆರಕ್ಕೆ ಹರಕೆ ಹೊರುವ ಸ್ಥಿತಿಗೆ ಬಂದದ್ದು ಹೀಗೆ.

ಅಜ್ಜನ ಮಾತು ನಿಧಾನವಾಗುವುದು ಸ್ಕಾಟ್ ಫ್ರಾಸ್ಟ್ ಹೆಸರು ಬಂದಾಗ. ವುಡ್ ರಿವರ್ ಎಂಬ ಇಲ್ಲಿನದೇ ಪುಟ್ಟ ಊರಿನಲ್ಲಿ ಬೆಳೆದ ಹುಡುಗ. 1997ರ ತಂಡದ ಕ್ವಾರ್ಟರ್‌ಬ್ಯಾಕ್. ಆಸ್ಬೋರ್ನ್ ಅವರ ಕೊನೆಯ ಪಂದ್ಯದಲ್ಲಿ ಟೆನೆಸ್ಸಿಯನ್ನು 42-17ರಲ್ಲಿ ಸೋಲಿಸಿದ ಮೇಲೆ, ಟಿವಿ ಕ್ಯಾಮೆರಾದ ಮುಂದೆ ನಿಂತು ದೇಶದ ಕೋಚ್‌ಗಳನ್ನೆಲ್ಲ ಉದ್ದೇಶಿಸಿ ನಮ್ಮ ತಂಡಕ್ಕೇ ಮತ ಹಾಕಿ ಅಂತ ಕೇಳಿದವನು. ಕೋಚ್‌ಗಳು ಹಾಕಿದರು, ಪತ್ರಕರ್ತರ ಮತ ಮಾತ್ರ ಮಿಷಿಗನ್ನಿಗೆ ಹೋಯಿತು. ಅದೇ ಹುಡುಗ ಕೋಚ್ ಆಗಿ 2017ರಲ್ಲಿ ಸೆಂಟ್ರಲ್ ಫ್ಲಾರಿಡ ತಂಡವನ್ನು ಒಂದೂ ಸೋಲಿಲ್ಲದೆ ನಡೆಸಿ ಮನೆಗೆ ಮರಳಿದ. ಮನೆಮಗ ಬಂದ ಅಂತ ಊರೇ ಕಣ್ಣೊರೆಸಿಕೊಂಡಿತು.

2018ರ ಸೆಪ್ಟೆಂಬರ್ 1ರ ಸಂಜೆ, ಅವನ ಮೊದಲ ಪಂದ್ಯಕ್ಕೆ ಅಜ್ಜ ನನ್ನನ್ನೂ ಕರೆದುಕೊಂಡು ಹೋದರು. ಅಜ್ಜಿ ತೀರಿಕೊಂಡು ಒಂದು ವರ್ಷವಾಗಿತ್ತು. ಅವರ ಸೀಟಿನಲ್ಲಿ ನಾನು ಕೂತೆ. ಆಟ ಶುರುವಾಯಿತು ಅನ್ನುವಷ್ಟರಲ್ಲಿ ಮಿಂಚು. ಎಲ್ಲರೂ ಒಳಗೆ ಹೋಗಿ ಅಂದರು. ಮೆಟ್ಟಿಲ ಕೆಳಗೆ, ಓಣಿಯಲ್ಲಿ, ಸಾವಿರಾರು ಜನ ಒದ್ದೆ ಕೆಂಪು ಅಂಗಿಯಲ್ಲಿ ಒತ್ತಿಕೊಂಡು ನಿಂತು ಕಾದೆವು. ಎಲೆಕೋಸು, ಮಾಂಸ ತುಂಬಿದ ರನ್‌ಜಾ ಬನ್ನು ಹಂಚಿಕೊಂಡು ತಿನ್ನುತ್ತ ಗುರುತಿಲ್ಲದವರೆಲ್ಲ 1995ರ ತಂಡದ ಮಾತಾಡಿಕೊಂಡರು. ಕೊನೆಗೆ ಪಂದ್ಯವೇ ರದ್ದಾಯಿತು. ಮುಂದಿನ ಆರು ಪಂದ್ಯ ಸತತ ಸೋಲು. ನಾನು ಆ ಒಳಗಿನ ಓಣಿಯನ್ನು ಈಗಲೂ ನೆನೆಯುತ್ತೇನೆ. ಅಷ್ಟು ಸಂತೋಷದ ಜನಸಂದಣಿಯನ್ನು ಈ ಊರಿನಲ್ಲಿ ಆಮೇಲೆ ನಾನು ಕಂಡಿಲ್ಲ, ಮತ್ತು ಆ ಸಂತೋಷವಷ್ಟೂ ಆಡದ ಪಂದ್ಯದ್ದು.

ಫ್ರಾಸ್ಟ್‌ನ ಕೊನೆಯ ದಿನಗಳ ಸೋಲುಗಳು ಒರಟು ಸೋಲುಗಳಲ್ಲ, ಅದೇ ಹೆಚ್ಚು ನೋವು. 2021ರಲ್ಲಿ ಒಂಬತ್ತು ಸೋತರು. ಒಂಬತ್ತರಲ್ಲಿ ಒಂದೂ ಹತ್ತು ಅಂಕದ ಅಂತರ ಮುಟ್ಟಲಿಲ್ಲ. 2022ರ ಆಗಸ್ಟಿನಲ್ಲಿ ಡಬ್ಲಿನ್‌ನಲ್ಲಿ ನಾರ್ತ್‌ವೆಸ್ಟರ್ನ್ ಎದುರು 11 ಅಂಕ ಮುಂದಿದ್ದಾಗ ಗಿಡ್ಡ ಒದೆತ ಒದೆಸಿ ಚೆಂಡನ್ನು ಮತ್ತೆ ತಾವೇ ಹಿಡಿಯಲು ಹೋದರು. ಚೆಂಡು ಎದುರಾಳಿಗಳ ಪಾಲಾಯಿತು, ಪಂದ್ಯವೂ 31-28ರಲ್ಲಿ ಕೈಬಿಟ್ಟಿತು. ಎರಡು ವಾರದ ಮೇಲೆ ಜಾರ್ಜಿಯ ಸದರ್ನ್ ಎದುರು 45-42ರ ಸೋಲು. ಮರುದಿನವೇ ಕೆಲಸ ಹೋಯಿತು. ಅಕ್ಟೋಬರ್ 1ರವರೆಗೆ ಕಾದಿದ್ದರೆ ಒಪ್ಪಂದ ಮುರಿದದ್ದಕ್ಕೆ ಕೊಡಬೇಕಿದ್ದ ಒಂದೂವರೆ ಕೋಟಿ ಡಾಲರ್ ಅರ್ಧಕ್ಕೆ ಇಳಿಯುತ್ತಿತ್ತು. ಕಾಯಲಿಲ್ಲ. ಒಟ್ಟು 16 ಗೆಲುವು, 31 ಸೋಲು. "ಬೇರೆ ಯಾರೇ ಆಗಿದ್ದರೂ ಬೈದುಬಿಡುತ್ತಿದ್ದೆ. ಇವನನ್ನು ಬೈಯಲು ಬಾಯಿ ಬರಲ್ಲ" ಅಂದರು ಅಜ್ಜ.

ಅಂಥ ಗಾಯದ ಮೇಲೆ ಬಂದವರು ರೂಲ್. ಅವರಿಗೆ ಮೊದಲ ವರ್ಷ ಏನು ಕೇಳಬೇಕು ಅಂತ ನಾನೂ ಅಜ್ಜನೂ ಬೇಲಿಯ ಬಳಿ ಎಷ್ಟೋ ಸಂಜೆ ವಾದ ಮಾಡಿದ್ದೇವೆ. ಅಜ್ಜ ಆರು ಗೆಲುವು ಅಂದರು. ನಾನಂದೆ: ಗೆಲುವು ಎಣಿಸಬೇಡಿ, ಕೊನೆಯ ಐದು ನಿಮಿಷ ನೋಡಿ. ಈ ತಂಡ ಕಳೆದುಕೊಂಡದ್ದು ಶಕ್ತಿಯನ್ನಲ್ಲ, ಕೊನೆಯ ಗಳಿಗೆಯ ಧೈರ್ಯವನ್ನು. ಅದು ಹುಡುಗರಿಗೆ ವಾಪಸ್ ಬಂತಾ ಅನ್ನುವುದೇ ಪ್ರಶ್ನೆ.

2023ರಲ್ಲಿ ಅದು ಬರಲಿಲ್ಲ. ಎಂಟು ಪಂದ್ಯ ಮುಗಿದಾಗ ಐದು ಗೆಲುವು. ಉಳಿದ ನಾಲ್ಕರಲ್ಲಿ ಒಂದು ಸಾಕಿತ್ತು. 20-17, 13-10, 24-17, 13-10. ನಾಲ್ಕೂ ಸೋಲು, ಅಂತರ ಒಟ್ಟು ಸೇರಿ 16 ಅಂಕ. ಕೊನೆಯದು ಅಯೋವ ಎದುರು, ಕೊನೆಯ ಗಳಿಗೆಯಲ್ಲಿ ಒದ್ದ ಫೀಲ್ಡ್ ಗೋಲಿನಲ್ಲಿ. ಆ ಸಂಜೆ ಅಜ್ಜ ಬೇಲಿಯ ಬಳಿ ಬರಲಿಲ್ಲ. ನಾನೇ ಬಿಸಿಬೇಳೆಬಾತ್ ಡಬ್ಬಿ ಹಿಡಿದು ಹೋದೆ. ಟಿವಿ ಆರಿಸಿ, ಟೋಪಿ ಮೊಣಕಾಲಿನ ಮೇಲಿಟ್ಟುಕೊಂಡು ಕೂತಿದ್ದರು.

"ನಿಮ್ಮೂರಿನಲ್ಲೂ ಹೀಗೆ ಕಾಯುತ್ತಾರಾ?" ಅಂದರು. 2008ರಿಂದ ವರ್ಷವರ್ಷವೂ ಕಾಯುತ್ತ, ಈ ಸಲ ಕಪ್ ನಮ್ದೇ ಅನ್ನುತ್ತಿದ್ದ ಆರ್‌ಸಿಬಿ ಜನರ ಕಥೆ ಹೇಳಿದೆ. ಅವರು ಗಮನವಿಟ್ಟು ಕೇಳಿ, ಆ ತಂಡಕ್ಕೆ ಎಷ್ಟು ಜನ ಕೋಚ್ ಬದಲಾದರು ಅಂತ ವಿಚಾರಿಸಿದರು. 2025ರ ಜೂನ್ 3ರಂದು ಕಪ್ ಬಂದಾಗ ನಾನು ಮೊದಲು ಸುದ್ದಿ ಮುಟ್ಟಿಸಿದ್ದು ಬೇಲಿಯಾಚೆಗೆ.

2024ರಲ್ಲಿ ವಿಸ್ಕಾನ್ಸಿನ್ ತಂಡವನ್ನು 44-25ರಲ್ಲಿ ಸೋಲಿಸಿ ಆರನೇ ಗೆಲುವು ಬಂತು. ಹುಡುಗ ಹುಡುಗಿಯರು ಮೈದಾನಕ್ಕೆ ನುಗ್ಗಿದರು. ಮುಂದಿನ ವಾರ ಅಯೋವ ಮತ್ತೆ ಅದೇ 13-10, ಮತ್ತೆ ಕೊನೆಯ ಒದೆತ. ಆದರೂ ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಮ್ಮಿನಲ್ಲಿ ಬಾಸ್ಟನ್ ಕಾಲೇಜನ್ನು 20-15ರಲ್ಲಿ ಗೆದ್ದರು. 2016ರ ನಂತರ ಆಡಿದ ಮೊದಲ ಬೌಲ್ ಅದು. ಐದು, ಏಳು. ಅಜ್ಜನ ಲೆಕ್ಕ ಸರಿಯಾಗಿ ಸಾಗುತ್ತಿತ್ತು. ಮೂರನೇ ವರ್ಷ ಹತ್ತಿರ ಬಂತು.

ಆ ಮೂರನೇ ವರ್ಷ, 2025ರಲ್ಲಿ, ಏಳೇ ಗೆಲುವು. ಅಯೋವ ಎದುರಿನ ಕೊನೆಯ ಪಂದ್ಯ ಈ ಸಲ ಕೂದಲೆಳೆಯದ್ದೂ ಅಲ್ಲ, 40-16ರ ಸೋಲು. ಮಧ್ಯೆ ಅಕ್ಟೋಬರಿನಲ್ಲಿ ರೂಲ್ ಓದಿದ ಪೆನ್ ಸ್ಟೇಟ್‌ನಲ್ಲಿ ಕೋಚ್ ಹುದ್ದೆ ಖಾಲಿಯಾದಾಗ, ಗೊಣಗುತ್ತಿದ್ದವರೆಲ್ಲ ಇವರು ಬಿಟ್ಟು ಹೋಗುತ್ತಾರೇನೋ ಅಂತ ಹೆದರಿದರು. ವಿಶ್ವವಿದ್ಯಾಲಯ ಒಪ್ಪಂದವನ್ನು 2032ರವರೆಗೆ ವಿಸ್ತರಿಸಿತು. ಒಂದು ತಿಂಗಳಲ್ಲಿ ಅದೇ ಬಾಯಿಗಳು ಅಷ್ಟು ವರ್ಷ ಯಾಕೆ ಕೊಟ್ಟಿರಿ ಅಂದವು. ನನಗೆ ಇದು ಕಷ್ಟವಾಗುತ್ತದೆ. ಬಿತ್ತಿದ ಹೊಲಕ್ಕೆ ದಿನಾ ಹೋಗಿ ಬೀಜ ಕೆದಕಿ ನೋಡಿದರೆ ಪೈರು ಹೇಗೆ ಬಂದೀತು?

ಈಗಿನ ಕೋಚ್ ಕೆಲಸ ಆಸ್ಬೋರ್ನ್ ಕಾಲದ್ದಲ್ಲ ಎಂಬುದೂ ನಿಜ. ಆಗ ಹಳ್ಳಿಯ ಹುಡುಗರು ವಿದ್ಯಾರ್ಥಿವೇತನವಿಲ್ಲದೆಯೂ ಬಂದು ಸೇರಿ, ನಾಲ್ಕೈದು ವರ್ಷ ಬೆವರು ಸುರಿಸಿ ಆಟಗಾರರಾಗುತ್ತಿದ್ದರು. 2021ರಿಂದ ಹುಡುಗರು ಒಂದು ವರ್ಷ ಹೊರಗೆ ಕೂರುವ ಶಿಕ್ಷೆಯಿಲ್ಲದೆ ತಂಡ ಬದಲಿಸಬಹುದು, ತಮ್ಮ ಹೆಸರಿನಿಂದ ದುಡಿಯಬಹುದು. 2025ರ ಜುಲೈಯಿಂದ ವಿಶ್ವವಿದ್ಯಾಲಯವೇ ನೇರವಾಗಿ ಹಣ ಕೊಡಬಹುದು. ಹುಡುಗರಿಗೆ ಅದು ನ್ಯಾಯವೇ. ಅವರ ಬೆವರಿನಿಂದ ಎಷ್ಟೋ ವರ್ಷ ಬೇರೆಯವರು ಶ್ರೀಮಂತರಾದರು. ಆದರೆ ಕೋಚ್ ಪ್ರತಿ ವರ್ಷ ಅರ್ಧ ಹೊಸ ಮನೆ ಕಟ್ಟಬೇಕು. ಟೆಂಪಲ್ ಮತ್ತು ಬೇಲರ್‌ನ ಮೂರು ವರ್ಷದ ಲೆಕ್ಕ ಇದಕ್ಕೆ ಮುಂಚಿನದು. ಈಗಿನ ಮೂರು ವರ್ಷ ಆಗಿನ ಮೂರು ವರ್ಷವಲ್ಲ.

ಇದನ್ನೆಲ್ಲ ಕಳೆದ ತಿಂಗಳು ಅಜ್ಜನಿಗೆ ಹೇಳಿದೆ. ಹಿಮ ಬಿದ್ದು ನಿಂತಿತ್ತು, ಇಬ್ಬರ ಕೈಯಲ್ಲೂ ಸಲಿಕೆ. ಆಸ್ಬೋರ್ನ್ ಮೊದಲ ಪ್ರಶಸ್ತಿ ಗೆದ್ದದ್ದು ಇಪ್ಪತ್ತೆರಡನೇ ವರ್ಷದಲ್ಲಿ ಅಲ್ಲವಾ ಅಂದೆ. ಮೊದಲ ಐದು ವರ್ಷವೂ ಓಕ್ಲಹಾಮ ಎದುರು ಸೋತರಲ್ಲ, 1978ರಲ್ಲಿ ತಾನೇ ಮೊದಲ ಸಲ ಗೆದ್ದದ್ದು ಅಂದೆ.

ಅಜ್ಜ ಬಹಳ ಹೊತ್ತು ಸಲಿಕೆಯ ಹಿಡಿಗೆ ಗಲ್ಲ ಊರಿ ನಿಂತಿದ್ದರು.

"ಐದನೇ ಸೋಲಿನ ದಿನ ಮನೆಗೆ ಬರುವ ದಾರಿಯುದ್ದಕ್ಕೂ ನಮ್ಮಪ್ಪ ಟಾಮ್‌ನನ್ನು ಕಿತ್ತುಹಾಕಬೇಕು ಅಂತ ಕೂಗಾಡಿದರು. ನಾನೇ ಗಾಡಿ ಓಡಿಸುತ್ತಿದ್ದೆ. ನಾನೂ ಹೌದು ಅಂದೆ." ಆಮೇಲೆ ಟೋಪಿ ಸರಿಮಾಡಿಕೊಂಡು, "ಟಿಕೆಟ್ ಹಣ ಕಟ್ಟುವ ಕಾಗದ ಬಂದಿದೆ. ಈ ವರ್ಷವೂ ಎರಡು ಸೀಟು. ನೀವು ಬರ್ತೀರಿ ತಾನೇ?" ಅಂದರು.

ಬರ್ತೀನಿ ಅಂದೆ.