ದುಡ್ಡು ಕೊಟ್ಟು ದುರ್ಯೋಧನ

ಅವರ ನಿಜವಾದ ಹೆಸರು ಪಡಿತರ ಚೀಟಿಯಲ್ಲಿದೆ. ಊರಿಗೆ ಅದು ಬೇಕಾಗಿಲ್ಲ. ತುಮಕೂರಿನ ಟೌನ್‌ಹಾಲ್ ಸರ್ಕಲ್ಲಿನಿಂದ ಕ್ಯಾತ್ಸಂದ್ರದವರೆಗೆ ಅವರು ದುರ್ಯೋಧನ. ಪ್ರೀತಿ ಇದ್ದವರು ‘ಕೌರವಣ್ಣ’ ಎನ್ನುತ್ತಾರೆ. ಸಾಲ ಕೊಟ್ಟವರು ‘ಎಲ್ಲಯ್ಯಾ ಆ ಛಲದಂಕಮಲ್ಲ?’ ಎಂದು ಮನೆ ಬಾಗಿಲಿಗೆ ಬರುತ್ತಾರೆ.

ಇಂಥವರು ಒಬ್ಬರೇ ಇದ್ದಾರೆ ಎಂದುಕೊಳ್ಳಬೇಡಿ. ಗುಬ್ಬಿಯಲ್ಲಿ ಅಡಿಕೆ ಮಂಡಿಯ ಗಲ್ಲಾದ ಹಿಂದೆ ಒಬ್ಬರು ಕೂತಿದ್ದಾರೆ, ಕುಣಿಗಲ್ಲಿನ ಗೊಬ್ಬರದ ಅಂಗಡಿಯಲ್ಲಿ ಒಬ್ಬರಿದ್ದಾರೆ, ತುಮಕೂರಿನಲ್ಲಿ ಬಡಾವಣೆಗೊಬ್ಬರಂತೆ ಸಿಗುತ್ತಾರೆ. ವರ್ಷವೆಲ್ಲ ಗುಮಾಸ್ತ, ಮೇಷ್ಟ್ರು, ಡ್ರೈವರು, ವಿಮೆ ಏಜೆಂಟು. ಒಂದು ರಾತ್ರಿ ಮಾತ್ರ ನಾಟಕದಲ್ಲಿ ಹಸ್ತಿನಾವತಿಯ ಚಕ್ರವರ್ತಿ. ಆ ಒಂದು ರಾತ್ರಿಗಾಗಿ ಮೀಸೆಗೆ ವರ್ಷಪೂರ್ತಿ ಎಣ್ಣೆ ಬೀಳುತ್ತದೆ. ದನಿಯನ್ನೂ ಹಾಗೇ ಬೆಳೆಸಿರುತ್ತಾರೆ. ಕೌರವಣ್ಣ ಬಸ್ಸಿನಲ್ಲಿ ‘ಕಂಡಕ್ಟರ್, ಎರಡು ಗುಬ್ಬಿ!’ ಎಂದರೆ ಹಿಂದಿನ ಸೀಟಿನಲ್ಲಿ ಮಲಗಿದ್ದ ಮಗು ಬೆಚ್ಚಿ ಎದ್ದು ಅಳುತ್ತದೆ. ಕಂಡಕ್ಟರ್ ಮಾತ್ರ ಹೆದರುವುದಿಲ್ಲ. ಅವನು ಪಕ್ಕದ ಹಳ್ಳಿಯ ಭೀಮ.

ಭಾನುವಾರ ಬೆಳಿಗ್ಗೆ ಕೌರವಣ್ಣನ ಆಸ್ಥಾನ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿನಲ್ಲಿ ನೆರೆಯುತ್ತದೆ. ಹಬೆಯ ಪಾತ್ರೆಯಿಂದ ಸ್ಟ್ಯಾಂಡು ಮೇಲೆದ್ದು, ಒಂದೊಂದೇ ತಟ್ಟೆ ಬಿಚ್ಚಿಕೊಂಡು, ಅಂಗೈ ಅಗಲದ ಇಡ್ಲಿ ಮುಂದೆ ಬಂದು ಕೂತರೂ ಅವರು ಕೂಡಲೇ ಕೈ ಹಾಕುವುದಿಲ್ಲ. ನಡುವೆ ಇಟ್ಟ ಬೆಣ್ಣೆ ಅಂಚಿನವರೆಗೆ ಹರಿಯಬೇಕು. ಆಮೇಲೆ ಒಂದು ಮೂಲೆಯನ್ನು ಬೆರಳಿನಿಂದ ಒತ್ತಿ, ಬಿಟ್ಟು, ಅದು ಮೇಲೇಳುವುದನ್ನು ನೋಡಿ ತೀರ್ಪು ಕೊಡುತ್ತಾರೆ: ‘ಇವತ್ತು ಹಿಟ್ಟು ಹದವಾಗಿ ಹುಳಿ ಬಂದಿದೆ ಕಣ್ರೀ.’ ಪಕ್ಕದ ಮೇಜಿನಲ್ಲಿ ಯಾರಾದರೂ ಚಮಚ ಕೇಳಿದರೆ ‘ಪಾಪ, ಬೆಂಗಳೂರಿನವರು’ ಎಂದು ಕ್ಷಮಿಸುತ್ತಾರೆ.

ನಾಟಕ ಹತ್ತಿರ ಬಂದಾಗ ಮಾತ್ರ ಊಟಕ್ಕೆ ಕಟ್ಟುಪಾಡು ಶುರುವಾಗುತ್ತದೆ. ಮೊಸರು ಬೇಡ, ಐಸು ಬೇಡ, ಎಣ್ಣೆಯಲ್ಲಿ ಕರಿದದ್ದು ಬೇಡ. ಜೇಬಿನಲ್ಲಿ ಕಲ್ಲುಸಕ್ಕರೆ, ಬಾಯಲ್ಲಿ ಕಾಳುಮೆಣಸು. ಈ ವ್ರತ ಬೋಂಡದ ಗಾಡಿ ಕಣ್ಣಿಗೆ ಬೀಳುವವರೆಗೆ ಅಖಂಡವಾಗಿರುತ್ತದೆ. ‘ಒಂದೇ ಒಂದು, ಗಂಟಲು ಹದ ಆಗೋಕೆ’ ಎಂದು ತಟ್ಟೆ ಚಾಚುತ್ತಾರೆ. ಹಲಸಿನ ಕಾಲದಲ್ಲಂತೂ ವ್ರತ ತಾನಾಗಿ ಮುರಿಯುತ್ತದೆ. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಮೊದಲಿಂದಲೂ ಹೆಸರಾದದ್ದು. ಅಲ್ಲಿನ ರೈತರೊಬ್ಬರ ತೋಟದ ಮರವನ್ನು ಹಿರೇಹಳ್ಳಿಯ ತೋಟಗಾರಿಕೆ ಸಂಶೋಧನಾ ಕೇಂದ್ರದವರು ಗುರುತಿಸಿ ‘ಸಿದ್ದು ಹಲಸು’ ಎಂದು ಹೆಸರಿಟ್ಟು ಸಸಿ ಮಾಡಿಸಿದ ಮೇಲೆ ಆ ತಾಮ್ರಗೆಂಪು ತೊಳೆಯ ಖ್ಯಾತಿ ರಾಜ್ಯ ದಾಟಿತು. ‘ಹಲಸು ತಿಂದ್ರೆ ಗಂಟಲು ಕಟ್ಟುತ್ತಲ್ಲ ಅಣ್ಣಾ’ ಎಂದು ಕೇಳಿದರೆ, ಕೌರವಣ್ಣ ಎಂಟನೆಯ ತೊಳೆಯ ಬೀಜ ಉಗಿದು ಹೇಳುತ್ತಾರೆ: ‘ಕಟ್ಟಲಿ ಬಿಡಿ. ಅದು ಕೃಷ್ಣನ ಪಾರ್ಟಿನವನಿಗೆ ತೊಂದರೆ. ದುರ್ಯೋಧನನಿಗೆ ಗಾಂಭೀರ್ಯ ಬರುತ್ತೆ.’

ಸಿನಿಮಾ ನೋಡುವುದರಲ್ಲೂ ಅವರದು ಪ್ರೇಕ್ಷಕನ ಗತ್ತಲ್ಲ, ಸಹೋದ್ಯೋಗಿಯ ಗತ್ತು. ರಾಜ್‌ಕುಮಾರ್ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಾರ್ಟು ಮಾಡಿದವರು, 1954ರ ‘ಬೇಡರ ಕಣ್ಣಪ್ಪ’ದ ಹಿಂದೆಯೂ ಗುಬ್ಬಿಯವರ ಕೈಯಿತ್ತು ಎಂಬ ಎರಡು ಸಂಗತಿಗಳ ಮೇಲೆ ಅವರು ಒಂದು ದೊಡ್ಡ ನೆಂಟಸ್ತಿಕೆಯನ್ನೇ ಕಟ್ಟಿದ್ದಾರೆ. ‘ರಾಜಣ್ಣ ಗಾಜನೂರಿನವರೇ ಇರಬಹುದು. ಆದ್ರೆ ತಯಾರಾಗಿದ್ದು ನಮ್ಮ ಗುಬ್ಬೀಲಿ.’ ಕಂಪನಿ ಯಾವಾಗಲೂ ಊರೂರು ತಿರುಗುತ್ತಿತ್ತಲ್ಲ ಎಂದು ನೆನಪಿಸಿದರೆ, ‘ಹೆಸರು ಎಲ್ಲಿಯದು ಸ್ವಾಮಿ?’ ಎಂದು ಬಾಯಿ ಮುಚ್ಚಿಸುತ್ತಾರೆ. ಹಾಸ್ಯನಟ ನರಸಿಂಹರಾಜು ತಿಪಟೂರಿನವರು ಎಂಬುದು ಅವರ ಎರಡನೆಯ ಅಸ್ತ್ರ. ಹೀಗೆ ಕೂಡಿಸುತ್ತಾ ಹೋದರೆ ಕನ್ನಡ ಚಿತ್ರರಂಗದಲ್ಲಿ ತುಮಕೂರು ಜಿಲ್ಲೆಯ ಪಾಲು ಬಿಟ್ಟು ಉಳಿಯುವುದು ಕ್ಯಾಮೆರಾ ಮಾತ್ರ.

2019ರಲ್ಲಿ ‘ಕುರುಕ್ಷೇತ್ರ’ ಸಿನಿಮಾ ತ್ರೀಡಿಯಲ್ಲಿ ಬಂದಾಗ ಕೌರವಣ್ಣ ಇಡೀ ತಂಡವನ್ನು ಕರೆದುಕೊಂಡು ಹೋದರು. ಕಪ್ಪು ಕನ್ನಡಕ ಹಾಕಿಕೊಂಡು ಪಾಂಡವರೂ ಕೌರವರೂ ಒಂದೇ ಸಾಲಿನಲ್ಲಿ ಕೂತು ಪಾಪ್‌ಕಾರ್ನ್ ತಿಂದರು. ಗದೆ ಮುಖಕ್ಕೇ ಬಂದಂತಾಗಿ ಜನ ತಲೆ ತಗ್ಗಿಸಿದಾಗ ಇವರು ಕದಲಲಿಲ್ಲ. ಹೊರಗೆ ಬಂದ ಮೇಲೆ ವಿಮರ್ಶೆ ಒಂದೇ ಸಾಲಿನದು: ‘ಎಲ್ಲಾ ಚೆನ್ನಾಗಿದೆ. ಆದ್ರೆ ಸಿನಿಮಾದಲ್ಲಿ ಜನ ಬೇಗ ಸಾಯ್ತಾರೆ ಕಣ್ರೀ.’ ಅವರ ಮಾತಿನಲ್ಲಿ ಸತ್ಯವಿದೆ. ನಮ್ಮ ಕಡೆಯ ಪೌರಾಣಿಕ ನಾಟಕದಲ್ಲಿ ಕರ್ಣ ಬಾಣ ತಗುಲಿದ ಮೇಲೆ ಒಂದು ಕಂದ, ಒಂದು ವೃತ್ತ, ಎರಡು ಹಾಡು ಮುಗಿಸಿ, ಜನ ‘ಒನ್ಸ್ ಮೋರ್’ ಎಂದರೆ ಎದ್ದು ಕೂತು ಇನ್ನೊಮ್ಮೆ ಹಾಡಿ, ಆಮೇಲೆ ಸಾಯುತ್ತಾನೆ.

ಈ ನಾಟಕದ ಹಣಕಾಸನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ಇಲ್ಲಿ ನಟನಿಗೆ ಸಂಬಳವಿಲ್ಲ. ನಟನೇ ದುಡ್ಡು ಕೊಟ್ಟು ಪಾರ್ಟು ಕೊಳ್ಳುತ್ತಾನೆ. ಹಾರ್ಮೋನಿಯಂ ಮೇಷ್ಟ್ರು ಊರಿಗೆ ಬಂದು, ದೇವಸ್ಥಾನದ ಜಗಲಿಯಲ್ಲಿ ನೋಟ್‌ಬುಕ್ ಬಿಚ್ಚಿದರೆಂದರೆ ದ್ವಾಪರಯುಗ ಹರಾಜಿಗೆ ಬಂತೆಂದೇ ಅರ್ಥ. ದುರ್ಯೋಧನನಿಗೆ ಎಲ್ಲರಿಗಿಂತ ಹೆಚ್ಚು ರೇಟು. ಕರ್ಣ, ಭೀಮ, ಅರ್ಜುನರಿಗೆ ಆಮೇಲಿನದು. ಕೃಷ್ಣನ ಪಾರ್ಟಿಗೆ ಹಾಡು ಜಾಸ್ತಿ, ಆಸೆಪಡುವವರೂ ಜಾಸ್ತಿ. ಆದ್ದರಿಂದ ಅವನನ್ನು ಇಬ್ಬರಿಗೋ ಮೂವರಿಗೋ ಹಂಚಿ, ಬ್ಯಾನರಿನಲ್ಲಿ ‘ಶ್ರೀಕೃಷ್ಣ 1’, ‘ಶ್ರೀಕೃಷ್ಣ 2’ ಎಂದು ಹಾಕಿಸುತ್ತಾರೆ. ಒಳಗೆ ಹೋಗುವಾಗ ಸಣಕಲಾಗಿದ್ದ ಪರಮಾತ್ಮ ಸಂಧಾನಕ್ಕೆ ಹೊಟ್ಟೆ ಬೆಳೆಸಿಕೊಂಡು ಬಂದರೂ ಯಾರೂ ತಕರಾರು ಮಾಡುವುದಿಲ್ಲ. ಅವತಾರಪುರುಷನಿಗೆ ಅಷ್ಟೂ ಆಗದೇ? ಇಡೀ ಪಟ್ಟಿಯಲ್ಲಿ ಅಗ್ಗವೆಂದರೆ ನಕುಲ ಸಹದೇವರು. ಅವರಿಗೆ ರಾತ್ರಿಯಿಡೀ ನಿಂತಿರುವ ಕೆಲಸ.

ಹೀಗೆ ಸೇರಿದ ಹಣ ಮೇಷ್ಟ್ರಿಗೆ, ತಬಲಾದವರಿಗೆ, ಕಿರೀಟ ಪರದೆ ತರುವ ಡ್ರಾಮಾ ಸೀನರಿಯವರಿಗೆ, ಮೈಕು ಲೈಟಿನವರಿಗೆ ಹಂಚಿಹೋಗುತ್ತದೆ. ವೇದಿಕೆಯ ಮೇಲೆ ದುಡ್ಡು ಪಡೆಯುವವರು ದ್ರೌಪದಿ, ಕುಂತಿ ಮೊದಲಾದ ಪಾರ್ಟು ಮಾಡಲು ಹೊರಗಿನಿಂದ ಬರುವ ಕಲಾವಿದೆಯರು ಮಾತ್ರ. ನಿಜವಾಗಿ ನಾಟಕ ಬಲ್ಲವರೂ ಅವರೇ. ನಿನ್ನೆ ಕುಣಿಗಲ್ ಕಡೆಯ ಹಳ್ಳಿ, ಇವತ್ತು ತುಮಕೂರು, ನಾಳೆ ಗುಬ್ಬಿ. ಜಾತ್ರೆಯ ಕಾಲದಲ್ಲಿ ಆ ತಾಯಂದಿರಿಗೆ ಸೆರಗು ಸರಿಮಾಡಿಕೊಳ್ಳಲು ಪುರುಸೊತ್ತಿಲ್ಲ. ಎಲ್ಲರ ಮಾತೂ ಅವರಿಗೆ ಬಾಯಿಪಾಠ. ಒಮ್ಮೆ ವಸ್ತ್ರಾಪಹರಣದ ನಡುವೆ ದುಶ್ಶಾಸನ ಸೀರೆ ಹಿಡಿದು ಮಾತು ಮರೆತು ನಿಂತಾಗ ದ್ರೌಪದಿಯೇ ಮೆಲ್ಲಗೆ ಹೇಳಿಕೊಟ್ಟರು: ‘ಅಣ್ಣಾ, ಈಗ ನೀವು ನಗಬೇಕು. ಮೈಕು ಆ ಕಡೆ ಇದೆ.’ ಮೈಕು ಆ ಕಡೆ ಇದ್ದರೂ ಮಾತು ಇಡೀ ಮೈದಾನಕ್ಕೆ ಕೇಳಿಸಿತು. ದುಶ್ಶಾಸನ ನಕ್ಕ. ಅದಕ್ಕಿಂತ ಮೊದಲೇ ಜನ ನಕ್ಕಿದ್ದರು.

ಕೌರವಣ್ಣನ ಮನೆಯಲ್ಲಿ ಭಾನುಮತಿಯ ಪಾರ್ಟು ಪುಕ್ಕಟೆ. ಕೊಬ್ಬರಿ ಮಾರಿದ ದುಡ್ಡು ಕಿರೀಟಕ್ಕೆ ಹೋಗುವ ಸುದ್ದಿ ತಿಳಿದ ದಿನ ಅವರ ಹೆಂಡತಿ, ನಮ್ಮೆಲ್ಲರ ಅಕ್ಕ, ಮುದ್ದೆ ತೊಳಸುತ್ತಲೇ ಕೇಳಿದರು: ‘ಅದೇ ದುಡ್ಡಲ್ಲಿ ಹಿಂದುಗಡೆ ಶೀಟು ಹಾಕಿಸಬಹುದಿತ್ತಲ್ವಾ?’ ಕೌರವಣ್ಣ ಬಸ್ಸಾರಿಗೆ ಮುದ್ದೆ ಅದ್ದುತ್ತಾ ಉತ್ತರಿಸಿದರು: ‘ಶೀಟಿನ ಕೆಳಗೆ ಯಾರು ಬೇಕಾದ್ರೂ ಮಲಗ್ತಾರೆ ಕಣೇ. ಕಿರೀಟದ ಕೆಳಗೆ ನಿಲ್ಲೋನು ನಾನೊಬ್ಬನೇ.’ ಅಕ್ಕ ಇನ್ನೊಂದು ಸೌಟು ಸಾರು ಹಾಕಿದರು. ಅದು ಒಪ್ಪಿಗೆಯೋ ಶಿಕ್ಷೆಯೋ ತಿಳಿಯಲಿಲ್ಲ; ಸಾರು ಕುದಿಯುತ್ತಿತ್ತು.

ಈ ಸಲ ಅವರಿಗೆ ಇನ್ನೊಂದು ಹುಚ್ಚು ಹಿಡಿಯಿತು. ಗುಬ್ಬಿ ವೀರಣ್ಣನವರು 1930ರ ದಶಕದಲ್ಲಿ ‘ಕುರುಕ್ಷೇತ್ರ’ ಆಡಿಸಿದಾಗ ಬಯಲಿನಲ್ಲಿ ನಿಜವಾದ ಆನೆ ಕುದುರೆ ತಂದು ನಿಲ್ಲಿಸಿದ್ದರೆಂದು ಕೇಳಿದ್ದರು. ‘ನಮಗೆ ಒಂದು ಕುದುರೆಯಾದ್ರೂ ಬೇಡವಾ? ಕುಣಿಗಲ್ಲಿನಲ್ಲಿ ಟಿಪ್ಪು ಕಾಲದಿಂದ ಕುದುರೆ ಫಾರಂ ಇದೆ’ ಎಂದು ಸಭೆಯಲ್ಲಿ ಎದ್ದು ನಿಂತರು. ರೇಸಿಗೆ ಬೆಳೆಸುವ ಕುದುರೆಗಳ ಬೆಲೆ ಗೊತ್ತಿದ್ದ ಶಕುನಿ ಹೇಳಿದ: ‘ಅಣ್ಣಾ, ಆ ಒಂದು ಕುದುರೆ ದುಡ್ಡಲ್ಲಿ ಹದಿನೆಂಟು ಅಕ್ಷೋಹಿಣಿ ಸೈನ್ಯಕ್ಕೆ ತಟ್ಟೆ ಇಡ್ಲಿ ಕೊಡಿಸಬಹುದು.’ ಕುದುರೆ ಪರದೆಯ ಮೇಲೇ ಉಳಿಯಿತು.

ನಾಟಕದ ರಾತ್ರಿ ಒಂಬತ್ತಕ್ಕೆ ಶುರು ಎಂದು ಬ್ಯಾನರಿನಲ್ಲಿತ್ತು. ಮುಖಂಡರಿಗೆ ಹಾರ, ಮುಖಂಡರ ಭಾಷಣ, ಭಾಷಣದಲ್ಲಿ ಕಲೆ ಅಳಿಯುತ್ತಿದೆ ಎಂಬ ಆತಂಕ ಎಲ್ಲ ಮುಗಿದು ಗಣಪತಿ ಸ್ತುತಿ ಆಗುವಾಗ ಹನ್ನೊಂದು. ಕೌರವಣ್ಣ ಪ್ರವೇಶಿಸಿದವರೇ ಮೊದಲು ಮಾಡಿದ್ದು ಮೂರನೆಯ ಸಾಲಿನಲ್ಲಿ ನೆಂಟರು ಬಂದಿದ್ದಾರೆಯೇ ಎಂದು ನೋಡಿದ್ದು. ಬಂದಿದ್ದರು. ಮೊದಲ ಹಾಡು ಮುಗಿಯುತ್ತಲೇ ‘ಒನ್ಸ್ ಮೋರ್’ ಕೂಗಿದವನು ಅವರ ಕಚೇರಿಯ ಜವಾನ. ಆ ಕೂಗಿಗೆ ಬೆಳಿಗ್ಗೆಯೇ ಎರಡು ತಟ್ಟೆ ಇಡ್ಲಿ ಒಂದು ವಡೆ ಸಂದಾಯವಾಗಿತ್ತು. ಎರಡನೆಯ ಸಲ ಹಾಡುವಾಗ ಸಾಲು ಮರೆತುಹೋಯಿತು. ಮೇಷ್ಟ್ರು ಹಾರ್ಮೋನಿಯಂ ಮೇಲೆ ಅಲ್ಲೇ ಸುತ್ತುತ್ತಾ ಕಾದರು, ಇವರು ಮೀಸೆ ತಿರುವುತ್ತಾ ಕಾದರು. ಜನ ಅದನ್ನು ಅಭಿನಯವೆಂದು ಭಾವಿಸಿ ಚಪ್ಪಾಳೆ ತಟ್ಟಿದರು.

ಯುದ್ಧಕ್ಕಿಂತ ದೊಡ್ಡ ಘಟ್ಟ ಮುಯ್ಯಿಯದು. ಭೀಮ ಗದೆ ಎತ್ತಿದ್ದಾನೆ, ದುರ್ಯೋಧನ ತೊಡೆ ತಟ್ಟಿದ್ದಾನೆ, ಆಗಲೇ ಷಡ್ಡಕರು ಸೇಬಿನ ಹಾರ ಹೊತ್ತು ಮೆಟ್ಟಿಲೇರಿದರು. ಯುದ್ಧ ನಿಂತಿತು. ಉಂಗುರ ತೊಡಿಸಿದ್ದಾಯಿತು, ಫೋಟೊ ಆಯಿತು, ಮೈಕಿನಲ್ಲಿ ‘ದುರ್ಯೋಧನ ಪಾತ್ರಧಾರಿಗೆ ಕುಣಿಗಲ್ ಷಡ್ಡಕರಿಂದ ಐನೂರ ಒಂದು ರೂಪಾಯಿ’ ಎಂದು ಕೂಗಿದ್ದಾಯಿತು. ಅವರ ಹಿಂದೆ ಚಿಕ್ಕಪ್ಪ, ಚಿಕ್ಕಪ್ಪನ ಹಿಂದೆ ಬೀಗರು. ಎತ್ತಿದ ಗದೆ ಇಳಿಸಲಾಗದೆ ಭೀಮನ ಕೈ ನಡುಗತೊಡಗಿತು. ಕಡೆಗೆ ಅವನು ಪಿಸುಗುಟ್ಟಿದ: ‘ಅಣ್ಣಾ, ನಿಮ್ಮ ನೆಂಟರು ಮುಗಿದ್ರೆ ತೊಡೆ ಮುರೀತೀನಿ.’

ಬೆಂಗಳೂರಿನ ರಂಗಭೂಮಿಯ ಜಾಣರು ಇದನ್ನು ನೋಡಿ ನಗುತ್ತಾರೆ. ನಾನೂ ನಕ್ಕಿದ್ದೇನೆ. ಆದರೆ ಲೆಕ್ಕವನ್ನು ತಿರುಗಿಸಿ ನೋಡಿ. 1884ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರನ ಹೆಸರಿನಲ್ಲಿ ನಾಟಕ ಸಂಘ ಹುಟ್ಟಿತು. ವೀರಣ್ಣನವರ ಕಾಲಕ್ಕೆ ಅದು ದೊಡ್ಡ ಕಂಪನಿಯಾಗಿ ಬೆಳೆದು, ಪ್ರೇಕ್ಷಕ ಟಿಕೆಟ್ ಕೊಂಡ, ನಟನ ಹೊಟ್ಟೆ ತುಂಬಿತು. ಆಮೇಲೆ ಸಿನಿಮಾ ಬಂತು, ಟೀವಿ ಬಂತು, ಮೊಬೈಲು ಬಂತು, ಟಿಕೆಟ್ ಕೊಳ್ಳುವವನು ಎದ್ದು ಹೋದ. ದೊಡ್ಡ ದೊಡ್ಡ ಕಂಪನಿಗಳು ಪರದೆ ಸುತ್ತಿಟ್ಟವು. ಆ ಹೊತ್ತಿಗೆ ನಮ್ಮ ಕೌರವಣ್ಣನಂಥವರು ಇಡೀ ವ್ಯವಹಾರವನ್ನೇ ತಲೆಕೆಳಗು ಮಾಡಿದರು: ನೋಡುವವನು ಪುಕ್ಕಟೆ ನೋಡಲಿ, ಆಡುವವನು ಬೆಲೆ ತೆರಲಿ. ಪ್ರೇಕ್ಷಕನ ದುಡ್ಡಿನಿಂದ ಬದುಕುವ ಕಲೆ ಪ್ರೇಕ್ಷಕ ಎದ್ದ ದಿನ ಸಾಯುತ್ತದೆ. ನಟನೇ ದುಡ್ಡು ಕೊಡುವ ಕಲೆಗೆ ಸಾವಿಲ್ಲ, ಸಾಲ ಮಾತ್ರ ಇದೆ.

ಇಷ್ಟು ಗೌರವದಿಂದ ನಾನು ವೀರಣ್ಣನವರ ಹೆಸರೆತ್ತಿ, ಅವರು ಹೆಚ್ಚು ಹೆಸರಾದದ್ದು ಹಾಸ್ಯದಲ್ಲಿ, ಅದರಲ್ಲೂ ‘ಸದಾರಮೆ’ಯ ಕಳ್ಳನ ಪಾರ್ಟಿನಲ್ಲಿ ಎಂದು ಕೌರವಣ್ಣನಿಗೆ ಹೇಳಿದೆ. ಅವರು ಕ್ಷಣ ಯೋಚಿಸಿದರು. ‘ದೊಡ್ಡವರು ಬಿಡಿ. ಆದ್ರೆ ಈಗ ಕಳ್ಳನ ಪಾರ್ಟಿಗೆ ಯಾರು ಸಾರ್ ದುಡ್ಡು ಕೊಡ್ತಾರೆ?’

ನಾಟಕದ ಮರುದಿನ ಕಚೇರಿಯಲ್ಲಿ ಅವರ ಕಣ್ಣಂಚಿನಲ್ಲಿ ಕಾಡಿಗೆ ಹಾಗೇ ಇತ್ತು. ರಾತ್ರಿ ಭೀಮ ಮುರಿದ ತೊಡೆಯ ಮೇಲೆ ಫೈಲು ಇಟ್ಟುಕೊಂಡು ಸಹಿ ಹಾಕುತ್ತಿದ್ದರು. ನನ್ನನ್ನು ಕಂಡು ಕುರ್ಚಿ ಎಳೆದರು. ‘ಮುಂದಿನ ವರ್ಷಕ್ಕೆ ಮೇಷ್ಟ್ರು ಬುಕ್ ಆಗಿದಾರೆ. ನೀವೂ ಒಂದು ಪಾರ್ಟು ತಗೊಳ್ಳಿ ಸಾರ್. ಸಹದೇವ ಖಾಲಿ ಇದೆ.’

‘ನನಗೆ ಹಾಡೋಕೆ ಬರಲ್ಲ.’

‘ಅದಕ್ಕೇ ಸಹದೇವ ಅಂದಿದ್ದು.’

‘ಮಾತೂ ನೆನಪಿರಲ್ಲ.’

‘ಇದ್ದರೆ ತಾನೇ ಮರೆಯೋದು? ಕಿರೀಟ ಇದೆ, ಬಿಲ್ಲು ಇದೆ, ಬ್ಯಾನರಿನಲ್ಲಿ ಫೋಟೊ ಇದೆ.’

ಸುಮ್ಮನೆ ತಿಳಿದುಕೊಳ್ಳೋಣವೆಂದು ಎಷ್ಟಾಗುತ್ತದೆ ಎಂದು ಕೇಳಿದೆ. ಕೌರವಣ್ಣ ಪೆನ್ನಿಗೆ ಮುಚ್ಚಳ ಹಾಕಿ, ನನ್ನನ್ನು ಕಾಲಿನಿಂದ ತಲೆಯವರೆಗೆ ಅಳೆದರು.

‘ರೇಟು ಆಮೇಲೆ ಮಾತಾಡೋಣ. ಮುಯ್ಯಿ ಮಾಡೋಕೆ ನಿಮಗೆ ನೆಂಟರು ಎಷ್ಟು ಜನ ಇದಾರೆ, ಮೊದಲು ಅದು ಹೇಳಿ.’