ಮೂರು ಪಾಳಿಯ ಊರಲ್ಲಿ ಪಾಳಿಯಿಲ್ಲದ ಮಾಸ್ತರು

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಮೇಲೆ ಬೆಂಗಳೂರಿನ ಕರುಣೆ ಇಳಿಯುತ್ತದೆ. ಬೆಳಿಗ್ಗೆ 8ಕ್ಕೆ ಬಾಗಿಲು ತೆರೆಯಿರಿ, ಮಧ್ಯಾಹ್ನ 1.30ಕ್ಕೆ ಮನೆಗೆ ನಡೆಯಿರಿ. ಬಿಸಿಲು ಬಡಿಯುವುದು ಸೇವೆಯಲ್ಲಿದ್ದವರಿಗೆ ಮಾತ್ರ ಎಂಬುದು ಆದೇಶದ ತಾತ್ಪರ್ಯ. ನಿವೃತ್ತರಿಗೆ ಬಿಸಿಲು ತಾಗುವುದಿಲ್ಲ; ತಾಗಿದರೂ ಅದಕ್ಕೆ ಆರ್ಥಿಕ ಇಲಾಖೆಯ ಸಹಮತಿ ಇರುವುದಿಲ್ಲ.

ಗಿಣಿಗೇರಾದ ನಮ್ಮ ಗಣಿತದ ಮಾಸ್ತರನ್ನೇ ನೋಡಿ. ಊರ ಸುತ್ತ ಉಕ್ಕಿನ ಕಾರ್ಖಾನೆಗಳು, ಮೂರೂ ಪಾಳಿ ಕೆಲಸ. ನಿವೃತ್ತರಿಗೆ ಯಾವ ಪಾಳಿ ಎನ್ನಬೇಡಿ. ಇವರು ನಸುಕಿನಲ್ಲೇ ಒದ್ದೆ ಅರಿವೆ ಹಿಡಿದು ಡ್ಯೂಟಿಗೆ ಹಾಜರ್. ಕಟ್ಟೆ, ಕುರ್ಚಿ, ಕಿಟಕಿ, ತುಳಸಿ ಎಲೆ, ಎಲ್ಲದರ ಮೇಲಿಂದ ರಾತ್ರಿ ಪಾಳಿಯ ಕರಿಬೂದಿ ಒರೆಸಿ ಹಗಲು ಪಾಳಿಯ ಬೂದಿಗೆ ಜಾಗ ಮಾಡಿಕೊಡಬೇಕು. ಸಂಬಳವಿಲ್ಲ, ಹಾಜರಿ ಕಡ್ಡಾಯ.

ಹಾಜರಿ ಎಂದರೆ ಬೆರಳಚ್ಚು. ನವೆಂಬರಿನಲ್ಲಿ ಪಿಂಚಣಿಗಾಗಿ ತಾವು ಬದುಕಿದ್ದೇವೆಂದು ರುಜುವಾತು ಮಾಡಲು ಹೋದಾಗ ಯಂತ್ರ ಇವರ ಹೆಬ್ಬೆರಳನ್ನು ಒಪ್ಪಿರಲಿಲ್ಲ. ಮೂರು ದಶಕ ಸೀಮೆಸುಣ್ಣ ಹಿಡಿದ ಬೆರಳು, ಗೆರೆ ಸವೆದಿವೆ. ಈಗ ಅದೇ ಹೆಬ್ಬೆರಳು ಟಿವಿ, ಕಪಾಟು, ನೀರಿನ ಕೊಡದ ಮೇಲೆಲ್ಲ ಗೆರೆಗೆರೆಯಾಗಿ ಮೂಡುತ್ತದೆ. ಪಿಂಚಣಿ ಇಲಾಖೆಯವರು ಯಂತ್ರ ಅಲ್ಲೇ ಬಿಟ್ಟು ಬೇಸಿಗೆಯಲ್ಲೊಮ್ಮೆ ಇವರ ಮನೆಗೆ ಬರಲಿ, ಮಾಸ್ತರು ಜೀವಂತ ಇರುವುದಕ್ಕೆ ಕಪಾಟಿನ ತುಂಬ ದಾಖಲೆ ಇದೆ. ಬೂದಿ ಹೀಗೇ ಬಿದ್ದರೆ ಮುಂದಿನ ನವೆಂಬರಿಗೂ ಇರುತ್ತಾರೆಯೇ ಎಂಬುದು ಬೇರೆ ಇಲಾಖೆಯ ವಿಷಯ.

ಬಿಸಿಲೇರುವ ಮೊದಲೇ ಮನೆಯವರು ಮಾಳಿಗೆ ಮೇಲೆ ಸಂಡಿಗೆ ಹಾಕುತ್ತಾರೆ. ಹಾಕುವಾಗ ಅಕ್ಕಿ ಸಂಡಿಗೆ, ತೆಗೆಯುವಾಗ ರಾಗಿ ಸಂಡಿಗೆ. "ಮ್ಯಾಲೆ ಸೀರಿ ಹೊಚ್ಚಿದ್ರ ಒಣಗಂಗಿಲ್ಲ, ಹೊಚ್ಚಲಿಲ್ಲಂದ್ರ ತಿನ್ನಾಕ ಬರಂಗಿಲ್ಲ. ನೀವು ಗಣಿತದವ್ರು, ಬಿಡಿಸಿ ಹೇಳ್ರಿ."

ಮಾಸ್ತರಿಗೆ ಬಿಡಿಸಲಾಗದ ಲೆಕ್ಕ ಇನ್ನೊಂದಿದೆ. ಇವರು ನಿವೃತ್ತರಾದದ್ದು 2023ರ ಮೇ 31ಕ್ಕೆ. ಏಳನೇ ವೇತನ ಆಯೋಗದ ಹೆಚ್ಚಳ ಲೆಕ್ಕಕ್ಕೆ ಬಂದದ್ದು 2022ರ ಜುಲೈ 1ರಿಂದ, ಕೈಗೆ ಬಂದದ್ದು 2024ರ ಆಗಸ್ಟ್ 1ರಿಂದ. ನಡುವಿನ 25 ತಿಂಗಳಲ್ಲಿ ನಿವೃತ್ತರಾದವರಿಗೆ ಗ್ರಾಚ್ಯುಟಿ, ಗಳಿಕೆ ರಜೆಯ ಹಣ ಎಲ್ಲವೂ ಹಳೇ ಸಂಬಳದ ಮೇಲೆಯೇ. ಅವರ ಮನವಿಗಳೂ ಧರಣಿಗಳೂ ಆಗಿವೆ. ಮಾಸ್ತರ ಸಿಟ್ಟು ಮಾತ್ರ ಸರ್ಕಾರದ ಮೇಲಲ್ಲ, ತಮ್ಮನ್ನು ಶಾಲೆಗೆ ಸೇರಿಸಿಕೊಂಡ ಹೆಡ್‌ಮಾಸ್ತರ ಮೇಲೆ. ಊರಿನ ಮಕ್ಕಳನ್ನೆಲ್ಲ ಜೂನ್ 1ಕ್ಕೇ ಹುಟ್ಟಿಸಿದ ಆ ಪುಣ್ಯಾತ್ಮ ಇಸವಿಯನ್ನು ಎರಡು ವರ್ಷ ಮುಂದೆ ಬರೆದಿದ್ದರೆ ಏನು ಗಂಟು ಹೋಗುತ್ತಿತ್ತು?

ಮಧ್ಯಾಹ್ನ ನಿದ್ದೆಗೆ ಗೂಡ್ಸ್ ಗಾಡಿಯ ಅಡ್ಡಿ. ಇಲ್ಲಿಂದ ಮಹಬೂಬನಗರದತ್ತ ಕವಲೊಡೆಯುವ ಹಳಿ ಮಂಜೂರಾದದ್ದು 1997-98ರಲ್ಲಿ, ಕೊಪ್ಪಳ ಜಿಲ್ಲೆಯಾದ ಹೊತ್ತಿಗೆ. ಗಂಗಾವತಿಗೆ ರೈಲು ಓಡಿದ್ದು 2019ರಲ್ಲಿ, ಸಿಂಧನೂರಿಗೆ 2024ರಲ್ಲಿ. ಮಾಸ್ತರು ಅರುವತ್ತಕ್ಕೆ ಮನೆಗೆ ಬಂದರು, ಯೋಜನೆಗೆ ಸೇವಾ ವಿಸ್ತರಣೆ ಸಿಗುತ್ತಲೇ ಇತ್ತು.

ಹೋರಾಟಕ್ಕೇನೂ ಇವರು ಹಿಂದೆ ಬಿದ್ದವರಲ್ಲ. 2025ರ ಫೆಬ್ರುವರಿ 24ರಂದು ಇನ್ನೊಂದು ಉಕ್ಕಿನ ಕಾರ್ಖಾನೆ ಬೇಡವೆಂದು ಗವಿಮಠದ ಶ್ರೀಗಳೊಂದಿಗೆ ಕೊಪ್ಪಳವೇ ಬೀದಿಗಿಳಿದಾಗ ಬಿಳಿ ಅಂಗಿ ತೊಟ್ಟು ಹೋಗಿದ್ದರು. ಈ ಸೀಮೆಯಲ್ಲಿ ಬಿಳಿ ಅಂಗಿ ತೊಡುವುದೇ ಅರ್ಧ ಹೋರಾಟ.

ಸಂಜೆ ಮಿರ್ಚಿ ಗಾಡಿಯ ಹತ್ತಿರ ಹಳೇ ಶಿಷ್ಯ ಸಿಕ್ಕ. ಕಚೇರಿಯೊಂದರಲ್ಲಿ ಗುಮಾಸ್ತ, ಒಂದೂವರೆಗೆ ಬಂದು ನಿದ್ದೆ ಮುಗಿಸಿದ ಮುಖ. ಮಾಸ್ತರು ಗ್ರಾಚ್ಯುಟಿ ಪುರಾಣ ಬಿಚ್ಚಿದರು. ಶಿಷ್ಯ ಮಿರ್ಚಿ ಮುರಿಯುತ್ತಾ ಅಂದ:

"ಸರ, ನಿಮಗ ಬರೋದು ಕಡಿಮಿ ಬಂತಂತ ಚಿಂತಿ. ನಾನು 2006ರ ಏಪ್ರಿಲ್ ಆದಮ್ಯಾಲೆ ಸೇರಿದಾಂವ, ನಮಗ ನಿಮ್ಮಂಥ ಪಿಂಚಣಿನ ಇಲ್ಲ. ಅಂವನ್ನ ನೋಡ್ರಿ," ಎಂದು ರಾತ್ರಿ ಪಾಳಿಗೆ ಹೊರಟಿದ್ದ ಗುತ್ತಿಗೆ ಹುಡುಗನತ್ತ ಕೈ ಮಾಡಿದ, "ಅಂವಗ ಮುಂದಿನ ತಿಂಗಳು ಕೆಲಸಾನ ಐತೋ ಇಲ್ಲೋ."

ಮಾಸ್ತರು ಮೂವರಿಗೂ ಮಿರ್ಚಿ-ಮಂಡಕ್ಕಿ ಹೇಳಿ ಕಿಸೆಗೆ ಕೈ ಹಾಕಿದರು. ಗ್ರಾಚ್ಯುಟಿಯ ವಿಚಾರಣೆ ನಾಳೆ ಸಂಜೆಗೆ ಮುಂದಕ್ಕೆ ಹೋಯಿತು.