ಕಾರಿಗೊಂದು ಕಿವಿ

ನನ್ನ ಕಾರಿಗೆ ಕಿವಿ ಬೇಕೋ ಬೇಡವೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ಒಂದು ಇಡೀ ಚಳಿಗಾಲ ನಡೆಯಿತು. ಆಕ್ಲೆಂಡಿನ ಚಳಿಗಾಲವೆಂದರೆ ಜೂನ್‌ನಿಂದ ಆಗಸ್ಟ್‌ವರೆಗೆ ಬಿಟ್ಟೂಬಿಡದ ಮಳೆ. ನಾನು ಗ್ಯಾರೇಜಿನಿಂದ ಆಚೆ ಹೋಗುವಂತಿಲ್ಲ, ಪೆಟ್ರೋಲ್ ವಾಸನೆಗೆ ಹೆಂಡತಿ ಒಳಗೆ ಬರುವಂತಿಲ್ಲ. ಇಷ್ಟು ಅನುಕೂಲ ಒದಗಿದರೆ ಎಂಥ ಗೃಹಸ್ಥನೂ ಕೆಡುತ್ತಾನೆ.

ಕಾರು 1987ರ ಮಾಜ್ದಾ ಆರ್‌ಎಕ್ಸ್-7. ರೋಟರಿ ಇಂಜಿನ್ನು. ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಕಡಲೆಕಾಯಿ ಸಿಪ್ಪೆಯಂಥ ಗೂಡಿನೊಳಗೆ ಮೂರು ಮೂಲೆಯ ರೋಟರು, ಒರಳಲ್ಲಿ ಗುಂಡು ಓಲಾಡಿದ ಹಾಗೆ ಓಲಾಡಿಕೊಂಡು ಸುತ್ತುತ್ತದೆ. ಅಂಥವು ಎರಡು. ಒಂದೊಂದು ಮೂಲೆಗೂ 2 ಮಿಲಿಮೀಟರ್ ದಪ್ಪದ ಒಂದು ಪಟ್ಟಿ. ಅಪೆಕ್ಸ್ ಸೀಲ್ ಅಂತ ಅದರ ಹೆಸರು. ಆರೂ ನೆಟ್ಟಗಿದ್ದರೆ ಅದು ಇಂಜಿನ್ನು, ಒಂದು ಮುರಿದರೆ ಗುಜರಿ. ಮುರಿದ ಚೂರು ಸುಮ್ಮನೆ ಆಚೆ ಹೋಗುವುದೂ ಇಲ್ಲ, ಹೋಗುವ ದಾರಿಯಲ್ಲಿ ಟರ್ಬೊದ ರೆಕ್ಕೆಗಳನ್ನೂ ತಿಂದುಕೊಂಡು ಹೋಗುತ್ತದೆ.

ಶುರುವಿನಲ್ಲಿ ಈ ಪಟ್ಟಿಗಳು ಗೂಡಿನ ಗೋಡೆಯನ್ನು ಕೆರೆದು ಹಾಕುತ್ತಿದ್ದವಂತೆ. ಹಿರೋಶಿಮಾದ ಮಾಜ್ದಾ ಇಂಜಿನಿಯರುಗಳು ಆ ಗುರುತಿಗೆ ದೆವ್ವದ ಉಗುರಿನ ಗೀರು ಅಂತ ಹೆಸರಿಟ್ಟಿದ್ದರು. ಯಮಾಮೊಟೊ ಕೆನಿಚಿ ಮತ್ತು ಅವರ ತಂಡದವರು, ಒಟ್ಟು 47 ಜನ, ಆ ದೆವ್ವವನ್ನು ಬಿಡಿಸಿ 1967ರಲ್ಲಿ ಕಾಸ್ಮೊ ಸ್ಪೋರ್ಟ್ ಎಂಬ ರೋಟರಿ ಕಾರನ್ನು ಹೊರಡಿಸಿದರು. ಅವರು ವರ್ಷಗಟ್ಟಲೆ ನಿದ್ದೆಗೆಟ್ಟು ಉಳಿಸಿದ್ದನ್ನು ಹಾಳು ಮಾಡಲು ನನಗೆ ಎರಡು ಶನಿವಾರ ಸಾಕಾದವು. ಟರ್ಬೊ ಇಲ್ಲದ ಕಾರಿಗೆ ಟರ್ಬೊ ಹಾಕಿದೆ.

ಕಂಪನಿಯವರು ಅದೇ ಕಾಲದ ಟರ್ಬೊ ಮಾದರಿಯಲ್ಲಿ ಕಂಪ್ರೆಷನ್ನನ್ನು 8.5ಕ್ಕೆ ಇಳಿಸಿ, ಮೇಲೆ ಒಂದು ನಾಕ್ ಸೆನ್ಸರನ್ನೂ ಕೂರಿಸಿದ್ದರು. ಕಿಡಿಯ ಬೆಂಕಿ ತಲುಪುವ ಮೊದಲೇ ಇಂಧನ ತಾನಾಗಿ ಸಿಡಿದು ಇಂಜಿನ್ನನ್ನು ಕುಟ್ಟುವುದೇ ನಾಕ್, ಅದನ್ನು ಕೇಳಿಸಿಕೊಳ್ಳುವ ಕಿವಿಯೇ ಈ ಸೆನ್ಸರ್. ನನ್ನದರಲ್ಲಿ ಕಂಪ್ರೆಷನ್ 9.4 ಇತ್ತು, ಸೆನ್ಸರ್ ಇರಲಿಲ್ಲ, ಧೈರ್ಯ ಇತ್ತು.

ಸೆನ್ಸರ್ ಬೇಕೇ ಎಂದು ಬಲ್ಲವರನ್ನು ಕೇಳಿದೆ. ಅಲ್ಲೇ ಕೆಟ್ಟೆ. "ರೋಟರಿಯಲ್ಲಿ ನಾಕ್ ಕೇಳಿಸಿತು ಅಂದರೆ ಸೀಲ್ ಹೋಯಿತು ಅಂತಲೇ ಲೆಕ್ಕ, ಕಳ್ಳ ಹೋದಮೇಲೆ ಬೊಗಳೋ ನಾಯಿಗೆ ಯಾಕೆ ಅನ್ನ ಹಾಕ್ತೀರ" ಎಂದರೊಬ್ಬರು. ಮೊದಲ ಏಟುಗಳು ಮೆತ್ತಗೇ ಬೀಳುತ್ತವೆ, ಅಷ್ಟರಲ್ಲೇ ಕಂಪ್ಯೂಟರಿಗೆ ಸುದ್ದಿ ಮುಟ್ಟಿದರೆ ಕಿಡಿಯನ್ನು ನಾಲ್ಕು ಡಿಗ್ರಿ ತಡ ಮಾಡಿ ಬಚಾವಾಗಬಹುದು ಎಂದರು ಇನ್ನೊಬ್ಬರು. ಮೂರನೆಯವರು, ರೋಟರಿಯ ಮಾಮೂಲಿ ಸದ್ದೇ ಜಾತ್ರೆಯ ಸದ್ದು, ಅದರೊಳಗೆ ಸೆನ್ಸರ್ ಯಾರ ಮಾತು ಅಂತ ಕೇಳಿಸಿಕೊಳ್ಳುತ್ತೆ ಎಂದರು. ಮೂವರೂ ಅರ್ಧರ್ಧ ಗಂಟೆ ಬುದ್ಧಿ ಹೇಳಿದರು. ತಮ್ಮ ತಮ್ಮ ಇಂಜಿನ್ನು ಎಷ್ಟು ಸಲ ಬಿಚ್ಚಿಸಿದ್ದಾರೆ ಎಂಬುದನ್ನು ಮಾತ್ರ ಒಬ್ಬರೂ ಬಾಯಿಬಿಡಲಿಲ್ಲ.

ಅಷ್ಟರಲ್ಲಿ ಮೈಸೂರಿನಿಂದ ಅಪ್ಪ ಬಂದರು.

ಅಪ್ಪ ನಲವತ್ತು ವರ್ಷ ಜಾವಾ, ಯೆಜ್ಡಿ ರಿಪೇರಿ ಮಾಡಿದವರು. ಗ್ಯಾರೇಜಿನ ಬಾಗಿಲಲ್ಲೇ ನಿಂತು ಮೂಗರಳಿಸಿ, "ಟೂ ಸ್ಟ್ರೋಕ್ ಆಯಿಲ್ಲು!" ಎಂದರು. ಹೌದು, ಸೀಲುಗಳು ಒಣಗದಿರಲಿ ಎಂದು ನಮ್ಮಂಥವರು ಪೆಟ್ರೋಲಿಗೂ ಒಂದಿಷ್ಟು ಆಯಿಲ್ ಬೆರೆಸುತ್ತೇವೆ. ಎಷ್ಟು ಹಾಕ್ತೀಯ ಎಂದರು. ಹತ್ತು ಲೀಟರಿಗೆ 75 ಎಂಎಲ್ ಎಂದೆ. "ಲೀಟರಿಗೆ ನಲವತ್ತು ಹಾಕ್ತಿದ್ವಿ ಕಣೋ. ಇದೇನು ಮಗೂಗೆ ಕೆಮ್ಮಿನ ಔಷಧಿ ಕೊಟ್ಟ ಹಾಗೆ!" ಸೆನ್ಸರ್ ವಿಷಯ ಎತ್ತಿದ್ದಕ್ಕೆ ನಕ್ಕೇಬಿಟ್ಟರು. "ದೇವರು ಎರಡು ಕಿವಿ ಕೊಟ್ಟಿದಾನೆ. ಒಂದು ಸ್ಕ್ರೂಡ್ರೈವರ್ ಇದ್ರೆ ಮೂರನೇದೂ ಸಿಕ್ಕಿದ ಹಾಗೆ."

ಹಾಗಾಗಿ ನಾನೇ ಸೆನ್ಸರ್ ಆದೆ.

ಇದು ನನ್ನ ಸ್ವಂತ ಹುಚ್ಚಲ್ಲ, ಟ್ಯೂನಿಂಗ್ ಮಾಡುವವರ ಹಳೆಯ ಉಪಾಯ. ತಾಮ್ರದ ಕೊಳವೆಯ ಒಂದು ತುದಿಯನ್ನು ಸುತ್ತಿಗೆಯಲ್ಲಿ ಚಪ್ಪಟೆ ಬಡಿದು, ತೂತು ಕೊರೆದು ಇಂಜಿನ್ನಿಗೆ ಬೋಲ್ಟ್ ಮಾಡಬೇಕು. ಇನ್ನೊಂದು ತುದಿಗೆ ರಬ್ಬರ್ ಪೈಪು ಸಿಕ್ಕಿಸಿ, ಮರ ಕೊಯ್ಯುವವರು ಹಾಕಿಕೊಳ್ಳುವಂಥ ಕಿವಿಮುಚ್ಚುಗಕ್ಕೆ ಜೋಡಿಸಬೇಕು. ಡಾಕ್ಟರ ಸ್ಟೆತಾಸ್ಕೋಪೇ, ರೋಗಿ ಮಾತ್ರ ಒಂದು ಟನ್ನಿನ ಮೇಲೆ. ಪೈಪು ಎರಡೂವರೆ ಮೀಟರ್ ಸಾಕಿತ್ತು. ಅಗ್ಗಕ್ಕೆ ಸಿಕ್ಕಿತೆಂದು ಐದು ಮೀಟರ್ ತಂದೆ. ಈ ಉಳಿಕೆಯ ಎರಡೂವರೆ ಮೀಟರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ನಿಂತಲ್ಲೇ ಗುರುಗುಟ್ಟುವ ಕಾರಿನಲ್ಲಿ ನಾಕ್ ಬರುವುದಿಲ್ಲ. ಟರ್ಬೊ ಗಾಳಿ ತುಂಬಿ ಇಂಜಿನ್ನು ಭಾರ ಎಳೆಯುವಾಗಲೇ ಬರಬೇಕು. ಕಿವಿ ಮುಚ್ಚಿಕೊಂಡವನು ಕಾರು ಓಡಿಸುವಂತಿಲ್ಲ. ಆದ್ದರಿಂದ ಸ್ಟಿಯರಿಂಗಿಗೆ ಹೆಂಡತಿ, ಪಕ್ಕದಲ್ಲಿ ನಾನು. ಹಿಂದೆ, ಆ ಕಾರಿನವರು ಸೀಟು ಎಂದು ಕರೆಯುವ ಗೂಡಿನಲ್ಲಿ, ಮಡಿಸಿಟ್ಟ ಪಂಚೆಯಂತೆ ಅಪ್ಪ. ಬೇಡವೆಂದರೂ ಕೇಳಲಿಲ್ಲ. ಬಾನೆಟ್ಟಿನ ಸಂದಿಯಿಂದ ಹೊರಟ ಪೈಪು ಕಿಟಕಿಯಲ್ಲಿ ಒಳಗೆ ಬಂದು, ಹಿಂದೆ ಹೋಗಿ ಅಪ್ಪನ ತೊಡೆಯ ಮೇಲೆ ಸಿಂಬೆ ಸುತ್ತಿಕೊಂಡು, ಮುಂದೆ ಬಂದು ನನ್ನ ಕಿವಿ ಸೇರುತ್ತಿತ್ತು. ಎದುರು ಮನೆಯಾತ ನಾಯಿ ಹಿಡಿದುಕೊಂಡು ನಿಂತು ನೋಡುತ್ತಿದ್ದ. ನಾನು ಕೈ ಬೀಸಿದೆ. ಅವನು ಬೀಸಲಿಲ್ಲ. ನಾಯಿ ಬಾಲ ಆಡಿಸಿತು.

ನಾನು ಕೈ ಎತ್ತಿದರೆ ಆಕ್ಸಿಲರೇಟರ್ ಬಿಡು ಎಂದು ಹೆಂಡತಿಗೆ ಹೇಳಿದ್ದೆ. ಪಾಪಾಕುರಾದ ಹತ್ತಿರ ಮೋಟರ್‌ವೇ ಹತ್ತುವ ಏರಿನಲ್ಲಿ ಅವಳು ಒತ್ತಿದಳು. 6,000 ಆರ್‌ಪಿಎಮ್‌ನಲ್ಲಿ ಎರಡು ರೋಟರಿಗೆ ಸೆಕೆಂಡಿಗೆ 200 ಸಿಡಿತ. ಹಂಚಿನ ಮನೆಯ ಮೇಲೆ ಆಲಿಕಲ್ಲು ಸುರಿದ ಹಾಗಿತ್ತು. ಆ ಇನ್ನೂರರಲ್ಲಿ ಅಡ್ಡದಾರಿ ಹಿಡಿದ ಒಂದನ್ನು ನಾನು ಹೆಕ್ಕಬೇಕು. ಕಣ್ಣು ಮುಚ್ಚಿದೆ. ಬಂತು. ಟಕ್. ಟಕ್. ಟಕ ಟಕ ಟಕ್. ಕೈ ಎತ್ತಿದೆ. ಹೆಂಡತಿ ಕಾಲು ತೆಗೆದಳು. ಟಕ ಟಕ ಟಕ್. ಎರಡೂ ಕೈ ಎತ್ತಿದೆ. ಮುಂದೆ ಜಾಗ ಸಿಕ್ಕಲ್ಲಿ ಪಕ್ಕಕ್ಕೆ ಹಾಕಿದಳು. ಟಕ್. ಇಂಜಿನ್ ಆಫ್ ಮಾಡು ಎಂದು ಕೂಗಿದೆ. ಮಾಡಿದಳು. ಆಲಿಕಲ್ಲು ನಿಂತಿತು. ಟಕ್ ಟಕ್, ಟಕ ಟಕ ಟಕ್. ಸತ್ತ ಇಂಜಿನ್ನಿನೊಳಗೂ ನಾಕ್! ದೆವ್ವದ ಉಗುರೇ ಸೈ ಅನ್ನಿಸಿ ಬೆನ್ನು ತಣ್ಣಗಾಯಿತು. ಒಂದು ವಿಷಯ ಮಾತ್ರ ತಲೆಗೆ ಹೊಳೆಯಿತು: ದೆವ್ವ ಆದಿತಾಳದಲ್ಲಿದೆ.

ತಿರುಗಿ ನೋಡಿದೆ. ಅಪ್ಪ ಆಚೆಯ ಹಸಿರು ಗುಡ್ಡ, ಕುರಿಗಳನ್ನು ನೋಡುತ್ತ, ತೊಡೆಯ ಮೇಲಿನ ಪೈಪಿಗೆ ಉಂಗುರದ ಬೆರಳಲ್ಲಿ ತಾಳ ಹಾಕುತ್ತಿದ್ದರು.

ಹೆಂಡತಿ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಮಾವ, ಕೇಳಿಸ್ತಿಲ್ವಾ? ಇಂಜಿನ್ ಆಫ್ ಆಗಿ ಎಷ್ಟು ಹೊತ್ತಾಯ್ತು." ಅಪ್ಪನೂ ನಕ್ಕರು. ಏನು ಎಂದು ಕೇಳಲಿಲ್ಲ. ಎಲ್ಲರೂ ನಗುವಾಗ ತಾವೂ ನಗುವುದು ಅವರಿಗೆ ರೂಢಿಯಾಗಿದೆ ಎಂದು ನನಗೆ ಆಗ ಹೊಳೆಯಿತು.

ಮಾರನೇ ದಿನ ಬಾನೆಟ್ ಎತ್ತಿ ಇಂಜಿನ್ ಶುರು ಮಾಡಿದೆ. ಟರ್ಬೊದ ಮೇಲಿನ ತಗಡಿನ ಒಂದು ಬೋಲ್ಟು ಸಡಿಲವಾಗಿ ಕಿರ್ರೋ ಎಂದು ಕಿರುಚುತ್ತಿತ್ತು. ಅಡುಗೆಮನೆಯಲ್ಲಿ ಹೆಂಡತಿ ಕಿಟಕಿ ಮುಚ್ಚಿದಳು. ಅಪ್ಪ ಸ್ಕ್ರೂಡ್ರೈವರಿನ ಮರದ ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಇಂಜಿನ್ನಿಗಿಟ್ಟು, ಕಣ್ಣುಮುಚ್ಚಿ ತುಂಬ ಹೊತ್ತು ನಿಂತರು. "ರೇಷ್ಮೆ ಇದ್ದ ಹಾಗಿದೆ. ಸಣ್ಣ ಸದ್ದೂ ಇಲ್ಲ."

"ಹೌದಪ್ಪ" ಎಂದೆ.

ತಂಗಿ ಮೈಸೂರಿನಲ್ಲಿ ಕೊಡಿಸಿದ ಶ್ರವಣಯಂತ್ರ ಡಬ್ಬಿಯ ಸಮೇತ ಅವರ ಸೂಟ್‌ಕೇಸಿನಲ್ಲೇ ಇದೆ.

ರಾತ್ರಿ ಸೆನ್ಸರಿಗೆ ಆರ್ಡರ್ ಮಾಡಿದೆ. ಅದು ಇಂಜಿನ್ನನ್ನು ಕಾಯುತ್ತದೆಂದಲ್ಲ. ಕಾಯುವುದು 98 ಆಕ್ಟೇನ್ ಪೆಟ್ರೋಲು, ಒಂದಿಷ್ಟು ಧಾರಾಳವಾಗಿ ಸುರಿದ ಇಂಧನ, ಆತುರಪಡದ ಕಿಡಿ. ಸೆನ್ಸರ್ ಬರೀ ಸಾಕ್ಷಿ. ಆದರೆ ನನ್ನ ಕಿವಿಯ ಸಾಕ್ಷಿ ಎಂಥದೆಂದು ಪಾಪಾಕುರಾದಲ್ಲೇ ಇತ್ಯರ್ಥವಾಗಿತ್ತಲ್ಲ.

ಬಂದದ್ದು ಬಿಲ್ಲೆಯಷ್ಟು ದೊಡ್ಡ ವಸ್ತು, ನಡುವೆ ತೂತು. ಒಳಗಿನ ಹರಳು ಅದುರಿದರೆ ಕರೆಂಟು ಹುಟ್ಟುತ್ತದೆ. ಬೋಲ್ಟು ಸರಿಯಾಗಿ 20 ನ್ಯೂಟನ್ ಮೀಟರ್ ಬಿಗಿಯಾಗಬೇಕು, ಇಲ್ಲದಿದ್ದರೆ ಅದಕ್ಕೂ ಕಿವಿ ಮಂದ. ನಾನು ಟಾರ್ಕ್ ವ್ರೆಂಚ್ ಹುಡುಕುವಷ್ಟರಲ್ಲಿ ಅಪ್ಪ ಸಣ್ಣ ಸ್ಪ್ಯಾನರ್ ಹಾಕಿ ತಿರುಗಿಸಿ, ಮಣಿಕಟ್ಟಿನಲ್ಲಿ ಏನೋ ಲೆಕ್ಕ ಮಾಡಿ ನಿಲ್ಲಿಸಿಬಿಟ್ಟಿದ್ದರು. 20ಕ್ಕೆ ಸೆಟ್ ಮಾಡಿದ ವ್ರೆಂಚನ್ನು ಅದರ ಮೇಲಿಟ್ಟೆ. ಹಿಡಿಯನ್ನು ಅವರೂ ಹಿಡಿದುಕೊಂಡರು. ಎಳೆದೆವು. ಬೋಲ್ಟು ಕೂದಲೆಳೆಯಷ್ಟೂ ಕದಲಲಿಲ್ಲ. ಟಕ್.

"ಏನಂತೆ?" ಎಂದರು.

"ಸರಿಯಾಗಿದೆಯಂತೆ."

"ಅದನ್ನ ಹೇಳೋಕೆ ಇಷ್ಟುದ್ದದ ಸ್ಪ್ಯಾನರ್ ಬೇಕಿತ್ತಾ?" ಎಂದು, ನನ್ನ ಹೆಂಡತಿಯ ಹೊಸ ಬಿಳಿ ಟವೆಲ್ಲಿಗೆ ಕೈ ಒರೆಸಿಕೊಂಡರು.